ಪಕ್ಕದ ಮಂಚದವಳ ಲಿಂಗ

ನನ್ನ ಅಕ್ಕ ಇರುವುದು ಮಸ್ಕಿಯಲ್ಲಿ, ನಾನು ಸಿಂಧನೂರಿನಲ್ಲಿ. ನಮ್ಮಿಬ್ಬರ ನಡುವೆ ಒಂದು ತಾಸು ಬಸ್ಸಿನ ದಾರಿಯಿದೆ, ಮತ್ತೆ ನಾನು ಕಾಲೇಜು ಓದುವ ಕಾಲದಿಂದ ಮುಗಿಯದ ಒಂದು ಜಗಳವಿದೆ. ಅಪ್ಪನ ಹೊಲಕ್ಕಾಗಿ ಜಗಳವಾಡಿದ್ದರೆ ಎಂದೋ ಕೋರ್ಟಿನಲ್ಲಿ ತೀರ್ಮಾನವಾಗುತ್ತಿತ್ತು. ಇದು ಇಷ್ಟಲಿಂಗದ ಜಗಳ. ಬಿಡಿಸಿ ಹೇಳಬೇಕೆಂದರೆ, ದಿನಾ ಬೆಳಿಗ್ಗೆ ಅವಳು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತ ಕೂಡುತ್ತಾಳಲ್ಲ, ಆಗ ಅವಳಿಗೆ ಕಾಣುವುದೇನು ಎಂಬ ಜಗಳ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮಾಸ್ತರ. ಬೆಳಕು, ಶಾಖ, ಕಾಂತ ಎಂದು ಊರ ಮಕ್ಕಳಿಗೆಲ್ಲ ಪಾಠ ಹೇಳಿ ನಿವೃತ್ತನಾದವನು. ಕೆಲಸಕ್ಕೆ ಸೇರಿದ ವರ್ಷವೇ ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟೆ. ಅವ್ವ ಅತ್ತಳು, ಅಪ್ಪ ಮಾತು ಬಿಟ್ಟ. ಅಕ್ಕ ಮಾತ್ರ, "ಇಡ್ಲಿ ಬಿಡ್ರಿ, ಅವನ ಕೊಳ್ಳಾಗ ಜೋತಾಡೋದು ಅದಕ್ಕರ ಏನು ದರಕಾರೈತಿ?" ಎಂದಳು. ಅದು ನನ್ನ ಪರವಾಗಿ ಹೇಳಿದ್ದೋ ವಿರುದ್ಧವಾಗಿ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವಳ ಲಿಂಗ ಎಲ್ಲರ ಲಿಂಗದ ಹಾಗೆಯೇ ಇತ್ತು. ಒಳಗೆ ಸಣ್ಣದೊಂದು ಕಲ್ಲು, ಮೇಲೆ ಕಪ್ಪು ಲೇಪ, ದೊಡ್ಡ ನೇರಳೆಹಣ್ಣಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಹುಟ್ಟಿದಾಗ ಅಯ್ಯನವರು ಕಟ್ಟಿದ್ದು, ಸತ್ತಾಗ ಎಡಗೈಯಲ್ಲಿಟ್ಟು ಮಣ್ಣು ಮಾಡಬೇಕಾದದ್ದು. ನಡುವಿನ ಆಯುಷ್ಯದಲ್ಲಿ ಅದು ಮೈ ಬಿಟ್ಟು ಇರಬಾರದು. ಬೆಳಿಗ್ಗೆ ಎದ್ದು ಮೈ ತೊಳೆದು ಅದರ ಪೂಜೆ ಮಾಡುವವರೆಗೆ ಅಕ್ಕ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವಳಲ್ಲ.

"ನೋಡ್ತಾ ನೋಡ್ತಾ ಒಂದು ನೀಲಿ ಬೆಳಕು ಬರ್ತೈತಿ. ಆಮ್ಯಾಲೆ ಅದೂ ಹೋಗಿ ಬರೇ ನೋಡೋದಷ್ಟ ಉಳೀತೈತಿ," ಎನ್ನುತ್ತಿದ್ದಳು.

ನಾನು ಬಿಡುತ್ತೇನೆಯೇ? ಕಪ್ಪು ಹೊಳಪಿನ ಮೇಲೆ ದೀಪದ ಚುಕ್ಕೆ ಬಿದ್ದಿರುತ್ತದೆ, ಒಂದೇ ಕಡೆ ದಿಟ್ಟಿಸಿದರೆ ಕಣ್ಣಿನ ಪರದೆ ದಣಿಯುತ್ತದೆ, ದಣಿದ ಕಣ್ಣಿಗೆ ಇಲ್ಲದ ಬಣ್ಣ ಕಾಣುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ವಿಭೂತಿ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

"ಕಣ್ಣು ದಣೀತು ಅನ್ನೋದು ಖರೇ. ದಣದೈತಿ ಅಂತ ಯಾರಿಗೆ ಗೊತ್ತಾತು?"

"ಮೆದುಳಿಗೆ."

"ಮೆದುಳಿಗೆ ಗೊತ್ತಾತು ಅಂತ ಯಾರಿಗೆ ಗೊತ್ತಾತು?"

"ಅದಕ್ಕ, ಮೆದುಳಿಗೇ."

"ಅಂದ್ರ ಕಳ್ಳನೂ ಅವನ, ಸಾಕ್ಷೀನೂ ಅವನ. ಛಲೋ ಐತಿ ಬಿಡು ನಿಮ್ಮ ಕೋರ್ಟು," ಎಂದು ಚಹಾಕ್ಕೆ ಎದ್ದು ಹೋದಳು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಆದರೆ ಶ್ರಾವಣದಲ್ಲಿ ಮಠದ ಪ್ರವಚನ ಒಂದು ದಿನವೂ ತಪ್ಪಿಸಿದವಳಲ್ಲ, ಕೇಳಿದ್ದನ್ನು ಮರೆತವಳೂ ಅಲ್ಲ. ಗಾಢನಿದ್ದೆಯಿಂದ ಎದ್ದವನು 'ಛಲೋ ನಿದ್ದಿ ಬಂತು, ಏನೂ ಗೊತ್ತಾಗಲಿಲ್ಲ' ಎನ್ನುತ್ತಾನೆ. ಆ 'ಏನೂ ಇಲ್ಲ' ಎಂಬುದನ್ನು ನೋಡಿಕೊಂಡು ಕೂತವನು ಯಾರು ಎಂಬುದು ಅವಳ ದೊಡ್ಡ ಅಸ್ತ್ರ. ವೇದಾಂತಿಗಳದ್ದು ಹಳೆಯ ವಾದ. ಎಚ್ಚರವಾದ ಮೇಲೆ ಮೆದುಳು ಕಟ್ಟಿಕೊಳ್ಳುವ ಕಥೆ ಅದು ಎಂಬುದು ನನ್ನ ಉತ್ತರ. ನನ್ನ ಉತ್ತರದಲ್ಲಿ ಒಂದು ತೂತಿತ್ತು, ನನಗೆ ಗೊತ್ತಿತ್ತು. ನನ್ನ ಶಾಸ್ತ್ರದಲ್ಲಿ ಕೆಂಪು ಬೆಳಕಿನ ಅಲೆ ಎಷ್ಟು ಉದ್ದ ಎಂಬುದಿದೆ, ಕೆಂಪು ಕೆಂಪಾಗಿ ಯಾಕೆ ಅನಿಸುತ್ತದೆ ಎಂಬುದಿಲ್ಲ. ತಲೆಹರಟೆ ಹುಡುಗರು ಇದನ್ನು ಕೇಳಿದಾಗ 'ಸಿಲಬಸ್ಸಿನಾಗ ಇಲ್ಲ' ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಅಕ್ಕನಿಗೆ ಹಾಗೆ ಹೇಳಲು ಬರುವುದಿಲ್ಲ. ಅವಳಿಗೆ ಸಿಲಬಸ್ಸಿಲ್ಲ.

ಹೋದ ವರ್ಷ ಭತ್ತದ ಕೊಯ್ಲಿನ ಕಾಲಕ್ಕೆ ಅವಳ ಪಿತ್ತಕೋಶದಲ್ಲಿ ಕಲ್ಲಾಗಿ, ಕೀವಾಗಿ, ಸಿಂಧನೂರಿನ ಒಂದು ನರ್ಸಿಂಗ್ ಹೋಮಿಗೆ ತಂದು ಹಾಕಿದೆವು. ಜೊತೆಗೆ ಅವಳ ಮಗಳು ಬಂದಿದ್ದಳು. ಇವಳು ನನ್ನ ಹತ್ತಿರವೇ ಬಿ.ಎಸ್ಸಿ. ಓದಿದವಳು, ಈಗ ಮಸ್ಕಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆಸ್ಪತ್ರೆಗೆ ಬೆಳ್ಳಿ ಯಾಕೆ ಎಂದು ಲಿಂಗದ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿ ಕರೆತಂದಿದ್ದಳು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಮೈಮೇಲೆ ಬಳೆ, ದಾರ ಯಾವುದೂ ಇರಬಾರದೆಂದರು. ಲಿಂಗ ತೆಗೆಯುವಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಅದೇ ಹೊತ್ತಿಗೆ ಪಕ್ಕದ ಮಂಚದ ಮುದುಕಿಯನ್ನೂ ಹರ್ನಿಯಾಕ್ಕೆ ತಯಾರು ಮಾಡುತ್ತಿದ್ದರು. ಅವಳೂ ನಮ್ಮವಳೇ, ಅವಳ ಕೊರಳಿನಿಂದಲೂ ಅಂಥದೇ ಒಂದು ಬಿಳಿ ಗಂಟು ಇಳಿಯಿತು. ನಡುವೆ ಪರದೆ ಇದ್ದುದರಿಂದ ಅಕ್ಕ ಅವಳ ಮುಖ ನೋಡಿರಲಿಲ್ಲ. ಕೆಮ್ಮು ಮಾತ್ರ ಕೇಳಿದ್ದಳು.

ಆಪರೇಷನ್ ಮುಗಿದಾಗ ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರು ಹೊರಗೆ ಬಂದು ಚಹಾ ಕುಡಿಯುತ್ತ ನಿಂತರು. ರಾಯಚೂರಿನಿಂದ ಕರೆದಾಗ ಬಂದು ಹೋಗುವ ಸಾಹೇಬರು. ಜಗಳದಲ್ಲಿ ನನಗೊಂದು ಆಯುಧ ಬೇಕಾಗಿತ್ತು. ಮತ್ತಿನೊಳಗೆ ಏನೂ ಉಳಿಯುವುದಿಲ್ಲ ಅಲ್ಲವೇ, ಸಾಕ್ಷಿ ಗೀಕ್ಷಿ ಯಾವುದೂ ಇರುವುದಿಲ್ಲ ಅಲ್ಲವೇ ಎಂದು ಕೇಳಿದೆ.

"ಸರ್, ಎಷ್ಟು ಔಷಧ ಕೊಟ್ರ ಹೋಗ್ತಾರ ಅನ್ನೋದು ನನಗ ಪಕ್ಕಾ ಗೊತ್ತೈತ್ರಿ. ಯಾವಾಗ ವಾಪಸ್ ಬರ್ತಾರ ಅನ್ನೋದೂ ಗೊತ್ತೈತಿ. ಹೋಗಿದ್ದು ಏನು ಅಂತ ಮಾತ್ರ ಕೇಳಬ್ಯಾಡ್ರಿ. ಇಷ್ಟು ವರ್ಷ ಕಳಸೇನಿ, ತರಿಸೇನಿ. ಕೈಗೆ ಸಿಕ್ಕಿಲ್ಲ," ಎಂದು ನಕ್ಕರು.

ಆಯುಧ ಸಿಗಲಿಲ್ಲ. ಚಹಾದ ಬಿಲ್ಲು ಅವರೇ ಕೊಟ್ಟರು.

ಹೊಲಿಗೆ ದೊಡ್ಡದಾಗಿದ್ದರಿಂದ ಅಕ್ಕನಿಗೆ ಮೊದಲೆರಡು ದಿನ ಬಾಯಿಂದ ಏನೂ ಕೊಡಬಾರದೆಂದಿದ್ದರು. ಎದ್ದು ಕೂತು ಪೂಜೆ ಮಾಡುವ ಶಕ್ತಿಯೂ ಇರಲಿಲ್ಲ, ಪೂಜೆಯಿಲ್ಲದೆ ನೀರು ಕುಡಿಯುವ ಪ್ರಶ್ನೆಯೂ ಇರಲಿಲ್ಲ. ಡಾಕ್ಟರ ನಿಯಮ, ಅವಳ ನಿಯಮ ಎರಡೂ ಕೂಡಿಬಂದ ಅಪರೂಪದ ದಿನಗಳವು. ಪಕ್ಕದ ಮಂಚದವಳು ಆಪರೇಷನ್ನಿನ ಮಾರನೇ ದಿನವೇ ಮನೆಗೆ ಹೋದಳು. ಆಮೇಲೆ ಡಾಕ್ಟರು ಅಕ್ಕನಿಗೆ ನೀರು, ಗಂಜಿ ಕೊಡಬಹುದೆಂದರು. ಮಗಳು ಒದ್ದೆ ಬಟ್ಟೆಯಿಂದ ಮೈ ಒರೆಸಿ, ದಿಂಬಿಗೆ ಒರಗಿಸಿ ಕೂಡಿಸಿದಳು. ಅಕ್ಕ ಬಿಳಿ ಗಂಟು ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಇಟ್ಟುಕೊಂಡವಳು ನೀರೂ ಹಾಕಲಿಲ್ಲ, ವಿಭೂತಿಯನ್ನೂ ಮುಟ್ಟಲಿಲ್ಲ.

"ತಮ್ಮಾ, ಇದು ನನ್ನದಲ್ಲ," ಎಂದಳು.

ಮಗಳ ಮುಖ ಬಿಳಿಚಿಕೊಂಡಿತು. ಆದರೆ ಆಗ ಅದಕ್ಕೆ ನಾನು ಅರ್ಥ ಕಟ್ಟಲಿಲ್ಲ. ಮತ್ತಿನ ಔಷಧ ಇನ್ನೂ ಇಳಿದಿಲ್ಲ, ಕೈ ಜೋಮುಗಟ್ಟಿದೆ, ಜ್ವರದಲ್ಲಿ ನಾಲಿಗೆಗೆ ರುಚಿ ಕೆಡುವ ಹಾಗೆ ಚರ್ಮಕ್ಕೂ ಕೆಡುತ್ತದೆ ಎಂದು ನಾನು ಶುರು ಮಾಡಿದೆ. ಅಂಗೈಯ ನರಗಳು ದಿನಾ ಹಿಡಿದ ವಸ್ತುವಿನ ಲೆಕ್ಕ ಇಟ್ಟಿರುತ್ತವೆ, ಔಷಧದಿಂದ ಆ ಲೆಕ್ಕ ತಪ್ಪಿದರೆ ನಮ್ಮದೇ ವಸ್ತು ಹೆರವರದೆನಿಸುತ್ತದೆ ಎಂದೂ ಹೇಳಿದೆ. ಸುಳ್ಳೇನೂ ಹೇಳಲಿಲ್ಲ. ಆ ವಿವರಣೆ ಇವತ್ತಿಗೂ ಸರಿಯೆಂದೇ ನಾನು ಅನ್ನುವುದು, ಆ ಲಿಂಗ ಅವಳದಾಗಿರಲಿಲ್ಲ ಎಂಬುದೊಂದನ್ನು ಬಿಟ್ಟು.

"ಒಡದು ನೋಡಿದ್ರೂ ಎರಡರಾಗೂ ಕಲ್ಲ ಸಿಗತೈತಿ, ಹೌದಿಲ್ಲೋ?" ಎಂದೆ ಕಡೆಗೆ.

"ನನ್ನನ್ನ ಒಡದು ನೋಡಿದ್ರಲ್ಲ, ಏನು ಸಿಕ್ತು? ಅದೂ ಕಲ್ಲ," ಎಂದಳು.

ನರ್ಸು ನಕ್ಕಳು. ನನಗೆ ಸಿಟ್ಟು ಬಂತು. ಗಂಜಿ ಆರಿ ಕೆನೆಗಟ್ಟಿತು.

ಅಕ್ಕ ಅವತ್ತು ನೀರು ಮುಟ್ಟಲಿಲ್ಲ, ಮಾರನೇ ದಿನವೂ ಮುಟ್ಟಲಿಲ್ಲ. ಸಲೈನ್ ಹಾಕಿಸಿಕೊಂಡಳು. ಅದು ನಾಲಿಗೆ ಮುಟ್ಟುವುದಿಲ್ಲವಲ್ಲ, ಆದ್ದರಿಂದ ಕುಡಿದಂತಾಗುವುದಿಲ್ಲ ಎಂದು ಅವಳೇ ತೀರ್ಪು ಕೊಟ್ಟುಕೊಂಡಳು. ಯಾವ ಶಾಸ್ತ್ರದಲ್ಲಿದೆ ಎಂದು ನಾನು ಕೇಳಿದೆ. "ಶಾಸ್ತ್ರ ಬರದವರಿಗೆ ಸಲೈನ್ ಗೊತ್ತಿತ್ತೇನು?" ಎಂದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಸಕ್ಕರೆ ಕಾಯಿಲೆ ಇದೆ, ಮೂತ್ರ ಕಡಿಮೆಯಾಗುತ್ತಿದೆ, ಕರುಳು ಕೆಲಸ ಶುರು ಮಾಡಬೇಕಾದರೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ನಾಳೆಯೂ ಹೀಗೆಯೇ ಆದರೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಅಲ್ಲಿಯವರೆಗೆ ಇದು ನನಗೆ ವಾದವಾಗಿತ್ತು. ಆಗ ಹೆದರಿದೆ. ಇರುವವಳು ಅವಳೊಬ್ಬಳೇ, ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಯಿತು.

ಆ ಸಂಜೆ ಅವಳ ಮಗಳು ವರಾಂಡದಲ್ಲಿ ನನ್ನನ್ನು ತಡೆದು ಅಳಲು ಶುರು ಮಾಡಿದಳು.

"ಮಾಮಾ, ಅವ್ವ ಹೇಳೋದು ಖರೇ ಇರಬೇಕ್ರಿ. ಆಪರೇಷನ್ ದಿನ ನಾ ಹೊರಗಾಗಿದ್ದೆ. ಮುಟ್ಟಬಾರದಂತ ನರ್ಸಿಗೆ ಹೇಳಿ ಲಿಂಗಾನ ಆ ಪಕ್ಕದ ಅಜ್ಜಿ ಸೊಸಿ ಕೈಯಾಗ ಕೊಡಿಸಿದ್ದೆ. ಆಕಿ ಎರಡೂ ತನ್ನ ಸೆರಗಿನಾಗ ಕಟ್ಟಿಕೊಂಡು ಕುಂತಿದ್ಳು. ಸಂಜಿಮುಂದ ಒಂದು ಬಿಚ್ಚಿ ತಾನ ಅವ್ವನ ಕೊಳ್ಳಿಗೆ ಹಾಕಿದ್ಳು."

ಮುಟ್ಟು ಮೈಲಿಗೆ ಎಂಬ ಸೂತಕವೇ ನಮಗಿಲ್ಲ ಎನ್ನುವುದು ನಮ್ಮ ಧರ್ಮದ ಹೆಚ್ಚುಗಾರಿಕೆ. ಮಠದ ಗೋಡೆಯ ಮೇಲೆ ಬರೆದಿರುತ್ತಾರೆ, ಪ್ರವಚನದಲ್ಲಿ ದಿನಾ ಹೇಳುತ್ತಾರೆ. ಮುಟ್ಟು ಏನೆಂಬುದನ್ನು ಚಿತ್ರ ಬರೆದು ಮಕ್ಕಳಿಗೆ ಕಲಿಸುವವಳು ಇವಳು. ಧರ್ಮವೂ ಬೇಡವೆಂದಿತ್ತು, ವಿಜ್ಞಾನವೂ ಬೇಡವೆಂದಿತ್ತು, ಎರಡನ್ನೂ ಓದಿದವಳು ಅಜ್ಜಿಯ ಕಾಲದ ಹೆದರಿಕೆಯನ್ನು ಹಿಡಿದುಕೊಂಡಿದ್ದಳು. ಬೈಯಬೇಕೆನಿಸಿತು. ಅವಳ ಬಿ.ಎಸ್ಸಿ.ಗೆ ನಾನೇ ಮಾಸ್ತರನಾಗಿದ್ದೆನಾದ್ದರಿಂದ ಸುಮ್ಮನಾದೆ.

ಆ ಸೊಸೆಯ ಊರು, ಫೋನು ಕೇಳಿದೆ. ಇಡೀ ದಿನ ಬೆಂಚಿನ ಮೇಲೆ ಜೊತೆಗೆ ಕೂತು ಇಬ್ಬರೂ ಮಾತಾಡಿದ್ದರಂತೆ. ಅವರ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಸಾರಿಗೆ ಯಾವ ಬೇಳೆ ಹಾಕುತ್ತಾರೆ ಎಲ್ಲ ಇವಳಿಗೆ ಗೊತ್ತಿತ್ತು. ತುರ್ವಿಹಾಳದವರು ಎಂಬುದು ಬಿಟ್ಟು ಹೆಸರು ಗೊತ್ತಿರಲಿಲ್ಲ, ಫೋನ್ ನಂಬರಂತೂ ಇಲ್ಲವೇ ಇಲ್ಲ.

ತುರ್ವಿಹಾಳ ಸಣ್ಣ ಊರಲ್ಲ. ಹುಡುಕುವುದರೊಳಗೆ ಅಕ್ಕನ ಗತಿ ಏನಾದೀತೋ ಎಂದು, ಮೊದಲು ಮತ್ತೊಂದು ಉಪಾಯ ಮಾಡಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಲಿಂಗಸೂಗೂರಿಗೆ ಹೋದೆ. ನಮ್ಮ ಮನೆತನದವರು ನಡೆದುಕೊಳ್ಳುವ ಸಣ್ಣ ಮಠ ಅಲ್ಲಿದೆ, ವಯಸ್ಸಾದ ಸ್ವಾಮಿಗಳಿದ್ದಾರೆ. ಅವರ ಮುಂದೆ ಕೂತು ನಡೆದದ್ದೆಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ.

"ಲಿಂಗ ಅಂದ್ರ ಅರಿವಿನ ಕುರುಹು ಅಷ್ಟ. ಕುರುಹು ಹೋದ್ರ ಇನ್ನೊಂದು ಕೊಡಬಹುದು. ಅರಿವು ಹೋಗಿಲ್ಲಲ್ಲ? ನಾ ಒಂದು ಕೊಡ್ತೀನಿ, ಫೋನಿನಾಗ ಆಕಿ ಕಿವಿಗೆ ಮಂತ್ರನೂ ಹೇಳ್ತೀನಿ. ನೀರು ಕುಡಿ ಅಂತ ಹೇಳು," ಎಂದರು. ಇಷ್ಟು ಸಲೀಸಾಗಿ ಮುಗಿಯುತ್ತದೆಂದು ನಾನು ತಿಳಿದಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಸ್ವಾಮಿಗಳ ಕಾಲಿಗೆ ಮನಸ್ಸಿನಿಂದ ಬಿದ್ದೆ.

ಮಠದ ಅಂಗಳದಿಂದಲೇ ಅಕ್ಕನಿಗೆ ಫೋನು ಹಚ್ಚಿದೆ. ಅವಳದೇ ಸಿದ್ಧಾಂತ ಅವಳಿಗೇ ತಿರುಗಿಸಿ ಹೇಳಿದೆ: ನೋಡುವುದು ಮುಖ್ಯವೋ, ನೋಡಿಸಿಕೊಳ್ಳುವುದು ಮುಖ್ಯವೋ? ಅರಿವು ನಿನ್ನದಾಗಿದ್ದರೆ ಕಲ್ಲು ಯಾವುದಾದರೇನು? ಗೆದ್ದೆ ಎಂದುಕೊಂಡಿದ್ದೆ. ಆ ಕಡೆಯಿಂದ ಅವಳ ದನಿ ಸಣ್ಣಗೆ ಬಂತು.

"ನಿನಗ ಇನ್ನೂ ತಿಳಿದಿಲ್ಲೇನೋ ತಮ್ಮಾ? ನನ್ನದು ಇಲ್ಲ ಅಂತ ನಾ ನೀರು ಬಿಟ್ಟಿಲ್ಲ. ಆಕಿದು ನನ್ನ ಹತ್ತಿರೈತಿ. ಆಕಿ ಹ್ಯಾಂಗಿದ್ದಾಳೋ. ಮುದುಕಿ, ಕೆಮ್ಮತಿದ್ಳು. ಆಕಿ ನೀರು ಕುಡಿಯದ ನಾ ಹ್ಯಾಂಗ ಕುಡೀಲಿ? ಮೊದಲ ಆಕಿದು ಆಕಿಗೆ ಮುಟ್ಟಿಸು."

ಸ್ವಾಮಿಗಳಿಗೆ ಹೇಳಿ, ಹೊಸ ಲಿಂಗ ಒಯ್ಯದೆ, ಫೋನು ಕಿಸೆಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಕಲ್ಲಿನ ಬಗ್ಗೆ, ನರದ ಬಗ್ಗೆ, ಅರಿವಿನ ಬಗ್ಗೆ ನಾವು ಇಷ್ಟೆಲ್ಲ ಮಾತಾಡಿದ್ದೆವು. ಪಕ್ಕದ ಮಂಚದಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ.

ಸಿಂಧನೂರಿಗೆ ಬಂದು ಅಕ್ಕನ ಕೈಯಿಂದ ಲಿಂಗ ಇಸಿದುಕೊಂಡೆ. ಅವಳು ಅದನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಅಂಗಿಯ ಮೇಲಿನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು, ಪ್ಯಾಂಟಿನ ಕಿಸೆಯಲ್ಲಿ ಇಡಬಾರದು ಎಂದು ತಾಕೀತು ಮಾಡಿದಳು. ಅವಳ ತುಟಿಗಳು ಒಣಗಿ ಬಿರಿದಿದ್ದವು. ತುರ್ವಿಹಾಳದ ಬಸ್ಸು ಹತ್ತಿದೆ. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರಿಂದ ಡ್ರೈವರ್ ಬೈದುಕೊಳ್ಳುತ್ತ ನಿಧಾನ ಹೊಡೆದ. ಕೊಯ್ಯುವ ಮಷಿನ್ನು ಎದುರಿಗೆ ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು. ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಎರಡು ಲಿಂಗಗಳನ್ನು ತಕ್ಕಡಿಗೆ ಹಾಕಿದರೆ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ ಸಿಕ್ಕೀತು. ಯಾವುದು ಯಾರದು ಎಂದು ತಕ್ಕಡಿ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಇಡೀ ಭೂಮಿಯ ಮೇಲೆ ಇಬ್ಬರೇ, ಇಬ್ಬರೂ ಮುದುಕಿಯರು. ಇದು ನನಗೆ ತಮಾಷೆಯೆನಿಸಬೇಕಿತ್ತು, ಅನಿಸಲಿಲ್ಲ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಸಿಂಧನೂರಿನಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದ ಅಜ್ಜಿಯ ಮನೆ ಯಾವುದು ಎಂದು ಕೇಳಿದೆ. ಅಂಗಡಿಯವನು ಸಕ್ಕರೆ ಕಲಕುವುದನ್ನು ನಿಲ್ಲಿಸಿದ.

"ಅವರು ನಿನ್ನಿ ಹೋದ್ರಲ್ರೀ. ಸಂಜಿಮುಂದ ಮಣ್ಣಾತು. ನೀವು ಬೀಗರೇನ್ರಿ?"

ಮನೆ ಯಾವುದು ಎಂದು ಮತ್ತೆ ಕೇಳಿದೆ. ಮನೆ ತೋರಿಸಿದ.

ಪಡಸಾಲೆಯಲ್ಲಿ ನೆಂಟರು ಚಾಪೆಯ ಮೇಲೆ ಕೂತಿದ್ದರು. ಸೊಸೆ ಒಳಗಿನಿಂದ ಬಂದು ನನ್ನನ್ನು ಗುರುತು ಹಿಡಿದಳು, ಮಸ್ಕಿ ಅಕ್ಕಾರ ತಮ್ಮ ಅಲ್ಲೇನ್ರಿ ಎಂದಳು. ಮಾತಾಡಿಸಲು ಬಂದಿರಬೇಕೆಂದುಕೊಂಡು ತಾನೇ ಹೇಳತೊಡಗಿದಳು. ಮುದುಕಿಗೆ ಹೊಲಿಗೆಯಿಂದ ಏನೂ ಆಗಿರಲಿಲ್ಲ. ಮನೆಗೆ ಬಂದ ಮೇಲೆ ಉಂಡು ತಿಂದು ಅಡ್ಡಾಡಿಕೊಂಡಿದ್ದರು. ನಿನ್ನೆ ಬೆಳಿಗ್ಗೆ ಪೂಜೆ ಮುಗಿಸಿ ಗೋಡೆಗೆ ಒರಗಿದವರು ಹಾಗೆಯೇ ಉಳಿದರು. ಎದೆ ನಿಂತಿತ್ತು. ವಯಸ್ಸೂ ಆಗಿತ್ತು.

ಅಷ್ಟು ಹೇಳಿ ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಆದ್ರ ಅಣ್ಣಾರ, ಮತ್ತಿನ ಇಂಜೆಕ್ಷನ್ ಅವರ ತಲಿಗೆ ಒಂದಿಷ್ಟು ಏರಿತ್ರಿ. ಮನಿಗೆ ಬಂದ ಮರುದಿನ ಬೆಳಿಗ್ಗೇನ ಅಂದ್ರು, ಈ ಲಿಂಗ ನನ್ನದಲ್ಲ, ಯಾರದೋ ಐತಿ ಅಂತ. ನಾವು ನಕ್ಕೆವು. ಔಷಧ ಇಳದ ಮ್ಯಾಲೆ ಸರಿ ಆಗತೈತಿ ಬಿಡತ್ತಿ ಅಂದ್ವಿ."

ನಮ್ಮ ಮನೆಯಲ್ಲೂ ಅದೇ ಮಾತು, ಅವರ ಮನೆಯಲ್ಲೂ ಅದೇ ಮಾತು. ಅಲ್ಲಿ ವಿಜ್ಞಾನದ ಮಾಸ್ತರ ಯಾರೂ ಇರಲಿಲ್ಲ, ಆದರೂ ವಿವರಣೆ ಚುಕ್ಕೆಯೂ ಬದಲಾಗಿರಲಿಲ್ಲ.

"ಆಮೇಲೆ ಅವರು ನೀರು ಕುಡಿಯಲಿಲ್ವೇನಮ್ಮಾ?"

"ಕುಡುದ್ರಲ್ರಿ. ಅಂಥಾ ಹಟದವರಲ್ಲ. ಯಾರದೋ ಪಾಪ, ನನ್ನ ಹತ್ತಿರ ಐತಿ ಅಂದ್ಮ್ಯಾಲೆ ಅದರ ಪೂಜಿ ತಪ್ಪಬಾರದು ಅಂತಂದು ದಿನಾ ಮೊದಲ ಅದರದು ಮಾಡ್ತಿದ್ರು. ಆಮ್ಯಾಲೆ ಅದನ್ನ ಬಟ್ಟಿಯಾಗ ಕಟ್ಟಿಟ್ಟು, ಬರೇ ಕೈ ಹಿಂಗ ಹಿಡಕೊಂಡು ಕುಂದ್ರತಿದ್ರು. ಇದೇನತ್ತಿ ಅಂದ್ರ, ಈಗ ನಂದು ಮಾಡಾಕತ್ತೀನಿ ಅಂತಿದ್ರು. ಕೈಯಾಗ ಏನೂ ಇರ್ತಿರಲಿಲ್ರಿ."

ಅವಳು ತನ್ನ ಎಡಗೈಯನ್ನು ಬಟ್ಟಲು ಮಾಡಿ ತೋರಿಸಿದಳು. ಖಾಲಿ ಅಂಗೈ. ನಾನು ಅದನ್ನೇ ನೋಡುತ್ತ ಕೂತೆ. ನನಗೆ ಆ ಮುದುಕಿಯ ಮೇಲೆ ಬಂದ ಗೌರವ ಇಂಥದೆಂದು ಹೇಳಲಾರೆ. ವೇದಾಂತಿಗಳು ಗ್ರಂಥಗಟ್ಟಲೆ ಬರೆದು, ಸ್ವಾಮಿಗಳು ಕುರುಹು ಅಷ್ಟೇ ಎಂದು ಬಾಯಿಮಾತಿನಲ್ಲಿ ಹೇಳಿ, ನಾನು ಅಕ್ಕನ ಬಾಯಿ ಮುಚ್ಚಿಸಲು ಬಳಸಿದ ಮಾತನ್ನು ಅವಳು ಯಾರಿಗೂ ಹೇಳದೆ ಮಾಡಿ ಮುಗಿಸಿದ್ದಳು. ಅವಳ ಕೈಯಲ್ಲಿ ಏನಿತ್ತು ಎಂದು ಯಾರಾದರೂ ನನ್ನನ್ನು ಕೇಳಿದರೆ, ಏನೂ ಇರಲಿಲ್ಲ ಎಂದೇ ಹೇಳಬೇಕು. ಅವಳು ಏನನ್ನು ನೋಡಿದಳು ಎಂಬುದು ಬೇರೆ ಪ್ರಶ್ನೆ. ಸಿಲಬಸ್ಸಿನಲ್ಲಿಲ್ಲ ಎಂದು ಅಲ್ಲಿ ಹೇಳಲಾಗಲಿಲ್ಲ.

ಕಿಸೆಯಿಂದ ಗಂಟು ತೆಗೆದು ಬಿಚ್ಚಿದೆ. ಅವಳು ಅದನ್ನು ನೋಡಿ, ನನ್ನ ಮುಖ ನೋಡಿ, ಬೆಂಚು, ಸೆರಗು, ಎರಡು ಗಂಟು ಎಲ್ಲವನ್ನೂ ನೆನೆದುಕೊಂಡು ಗೋಡೆ ಹಿಡಿದು ಕೂತುಬಿಟ್ಟಳು.

"ಯವ್ವಾ! ಅಕ್ಕಾರದು ಅತ್ತಿ ಕೈಯಾಗ ಇಟ್ಟು ಮುಚ್ಚಿ ಬಂದೀವಲ್ರೀ!"

ಅವಳ ಗಂಡ ಬಂದ, ಹಿರಿಯರಿಬ್ಬರು ಬಂದರು. ಸಣ್ಣ ದನಿಯಲ್ಲಿ ಮಾತಾಯಿತು. ಮುಚ್ಚಿದ ಕುಣಿಯನ್ನು ಮತ್ತೆ ತೆಗೆಯುವ ಪದ್ಧತಿ ಇಲ್ಲ ಎಂದರು. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಇದನ್ನಾದರೂ ಇಟ್ಟುಕೊಳ್ಳಿ ಎಂದು ಗಂಟನ್ನು ಸೊಸೆಯ ಮುಂದೆ ಹಿಡಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನಾವು ಇಟ್ಟುಕೊಂಡು ಏನು ಮಾಡೋಣ್ರಿ? ಹೊಳಿಗೆ ಬಿಡಬೇಕು, ಇಲ್ಲಾ ಮಠಕ್ಕ ಕೊಡಬೇಕು. ಅಕ್ಕಾರಿಗೇ ಕೊಡ್ರಿ. ಅವರದಕ್ಕ ನಮ್ಮತ್ತಿ ಪೂಜಿ ಮಾಡ್ಯಾರ, ನಮ್ಮತ್ತೀದಕ್ಕ ಅವರು ಮಾಡ್ಲಿ," ಎಂದಳು. ಆಮೇಲೆ, ಒಲ್ಲೆ ಎಂದರೂ ಬಿಡದೆ ಊಟಕ್ಕೆ ಎಬ್ಬಿಸಿದಳು. ನಾನು ಉಂಡೆ, ಫೋನ್ ನಂಬರ್ ಬರೆದುಕೊಂಡೆ.

ವಾಪಸ್ ಬರುವಾಗ ಹೆದರಿಕೆಯಾಗುತ್ತಿತ್ತು. ಒಂದು ಸುಳ್ಳು ಹೇಳಿದರೆ ಎಲ್ಲ ಸರಿಹೋಗುತ್ತದೆ: ಬದಲಾಯಿಸಿಕೊಂಡು ಬಂದೆ, ಇದೇ ನಿನ್ನದು. ಆದರೆ ಅಂಗೈಯಲ್ಲಿಟ್ಟುಕೊಂಡ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗುತ್ತದೆ ಎಂಬುದನ್ನು ನಾನು ಆಗ ನಂಬಿದ್ದೆ, ಎರಡು ಮಾತಿಲ್ಲ. ಇದು ನನಗೆ ಹೊಳೆದದ್ದು ಬಸ್ಸಿನಿಂದ ಇಳಿದ ಮೇಲೆ.

ಅಕ್ಕ ಎಚ್ಚರವಾಗಿದ್ದಳು. ಸಲೈನ್ ಹನಿಯುತ್ತಿತ್ತು. ಮಂಚದ ತುದಿಗೆ ಕೂತು ಒಂದನ್ನೂ ಬಿಡದೆ ಹೇಳಿದೆ. ಮಗಳು ಬಾಗಿಲ ಬಳಿ ನಿಂತು ಅಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಅಕ್ಕ ಕೇಳಿದ್ದು ಒಂದೇ.

"ಬರೇ ಕೈಯಾಗ ಮಾಡ್ತಿದ್ಳಂತೇನು?"

"ಹೌದು."

"ನೀರೂ ಕುಡುದ್ಳು?"

"ಕುಡುದ್ಳಂತ."

"ಅಷ್ಟು ದೊಡ್ಡಾಕಿ ಬಾಜೂಕ ಮಲಗಿದ್ಳು. ಪರದೆ ಸರಿಸಿ ಒಂದು ಸಲ ಮಾರಿ ನೋಡಲಿಲ್ಲ ನಾನು," ಎಂದು ಅತ್ತಳು. ಹೊಲಿಗೆಗೆ ನೋವಾಗುತ್ತದೆ, ಅಳಬೇಡ ಎಂದೆ. ಕೇಳಲಿಲ್ಲ. ತನ್ನ ಲಿಂಗಕ್ಕಾಗಿ ಅವಳು ಒಂದು ಮಾತೂ ಆಡಲಿಲ್ಲ. ನಾನೂ ಅತ್ತೆ, ಯಾತಕ್ಕೆಂದು ಆಗ ಸ್ಪಷ್ಟವಿರಲಿಲ್ಲ, ಈಗಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಗಳನ್ನು ಕರೆದು ಲಿಂಗವನ್ನು ಅವಳ ಕೈಯಲ್ಲೇ ಕೊಡಿಸಿಕೊಂಡಳು. ಮಗಳು ಹಿಂಜರಿದಾಗ, "ಮುಟ್ಟು, ಏನೂ ಆಗೂದಿಲ್ಲ," ಎಂದು ಗದರಿದಳು. ನೀರು ಹಾಕಿದಳು, ವಿಭೂತಿ ಹಚ್ಚಿದಳು, ಯಾರೋ ತಂದಿಟ್ಟಿದ್ದ ಹೂವಿನ ಒಂದು ಎಸಳು ಇಟ್ಟಳು. ನಂತರ ನೋಡುತ್ತ ಕೂತಳು. ಎಷ್ಟು ಹೊತ್ತೋ, ನರ್ಸು ಎರಡು ಸಲ ಇಣುಕಿ ಹೋದಳು. ನಾನು ಅವಳ ಕಣ್ಣನ್ನು ನೋಡುತ್ತಿದ್ದೆ. ಅಲ್ಲಿ ಟ್ಯೂಬ್‌ಲೈಟಿನ ಒಂದು ಬಿಳಿ ಗೆರೆ ಕಂಡಿತು, ಅಷ್ಟೇ ನನಗೆ ಕಂಡದ್ದು.

ಮುಗಿಸಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು.

"ತಮ್ಮಾ, ಒಂದು ಮಾತು ಕೊಡು. ನಾ ಸತ್ತ ದಿನ ಆಕಿ ಸೊಸೀಗೆ ಹೇಳಿ ಕಳಸಬೇಕು. ಆಕಿ ಬರೂತನಕ ನನ್ನ ಎತ್ತಬ್ಯಾಡ್ರಿ. ಇದನ್ನ ನನ್ನ ಕೈಯಾಗ ಆಕೀನ ಇಡ್ಲಿ. ಆಕಿ ಅತ್ತಿ ಮಣ್ಣು ಇನ್ನೂ ಪೂರಾ ಆಗಿಲ್ಲ, ಅವತ್ತ ಆಗತೈತಿ."

ಹೇಳಿ ಕಳಿಸುತ್ತೇನೆ ಎಂದೆ. ಆಗ ಅವಳು ನೀರು ಕೇಳಿದಳು.